ಎರಕದ ಕಬ್ಬಿಣದ ಬುಲೆಟ್ 350ಕ್ಕೆ ಇಂದಿನ ಪೆಟ್ರೋಲ್‌ನಲ್ಲಿ ಮೈಲೇಜ್: ಕಾರ್ಬುರೇಟರ್ ಮುಟ್ಟುವುದು ಕೊನೆಗೆ

ಹಳೆಯ ಬುಲೆಟ್ ಇಟ್ಟುಕೊಂಡವರು ಮೈಲೇಜ್ ಬರುತ್ತಿಲ್ಲ ಎಂದು ಬಂದಾಗ ಗಾಡಿಯನ್ನು ನೋಡುವ ಮೊದಲೇ ಒಂದು ಮಾತು ಕೇಳುತ್ತೇನೆ: ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ತಿರುಪನ್ನು ಎಷ್ಟು ಸಲ ತಿರುಗಿಸಿದ್ದೀರಿ? ಹೆಚ್ಚಿನವರು ನಗುತ್ತಾರೆ. ಬ್ರೇಕ್ ಹಿಡಿದುಕೊಂಡಿರುತ್ತದೆ, ಡೀಕಂಪ್ರೆಸರ್ (ಕಿಕ್ ಹಗುರವಾಗಲೆಂದು ಸಿಲಿಂಡರ್‌ನ ಒತ್ತಡ ಬಿಡುವ ಸಣ್ಣ ವಾಲ್ವ್) ಸೋರುತ್ತಿರುತ್ತದೆ, ಟೈಮಿಂಗ್ (ಕಿಡಿ ಬೀಳುವ ಹೊತ್ತು) ಹಿಂದೆ ಬಿದ್ದಿರುತ್ತದೆ. ಅದೆಲ್ಲ ಹಾಗೇ ಇರುವಾಗ ಪೆಟ್ರೋಲ್ ಕಡಿಮೆ ಮಾಡಿದರೆ ಎಂಜಿನ್ ಕಾಯುತ್ತದೆ, ಎಳೆತ ಸಾಯುತ್ತದೆ, ಸವಾರ ಆಕ್ಸಿಲರೇಟರನ್ನು ಇನ್ನಷ್ಟು ತಿರುವುತ್ತಾನೆ. ಮೈಲೇಜ್ ಮತ್ತೂ ಕುಸಿಯುತ್ತದೆ. ಹಾಗಾಗಿ ಇಲ್ಲಿ ಕೆಲಸಕ್ಕಿಂತ ಕೆಲಸದ ಕ್ರಮ ಮುಖ್ಯ. ಹಂತ ಬಿಟ್ಟು ಮುಂದಕ್ಕೆ ಹಾರಬೇಡಿ.

ಈ ಬರಹ ಎರಕದ ಕಬ್ಬಿಣದ ಸಿಲಿಂಡರ್ ಇರುವ 350 ಸಿಸಿ ಎಂಜಿನ್‌ಗೆ ಮಾತ್ರ: ಬೋರ್ (ಸಿಲಿಂಡರ್‌ನ ಒಳ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 90 ಮಿ.ಮೀ., ಒಟ್ಟು 346 ಸಿಸಿ, ಪಾಯಿಂಟ್ ಇಗ್ನಿಷನ್ (ಪಾಯಿಂಟ್ ಎಂಬ ಸಣ್ಣ ಸ್ವಿಚ್ ತೆರೆದಾಗ ಕಿಡಿ ಬೀಳುವ ಏರ್ಪಾಡು), ಮಿಕ್‌ಕಾರ್ಬ್ ಹೆಸರಿನ ವಿಎಂ 24 ಕಾರ್ಬುರೇಟರ್. ಅಲ್ಯೂಮಿನಿಯಂ ಸಿಲಿಂಡರ್‌ನ ಲೀನ್ ಬರ್ನ್ ಎಂಜಿನ್‌ಗಾಗಲಿ, ಗೇರ್‌ಬಾಕ್ಸ್ ಸೇರಿಸಿಯೇ ಎರಕ ಹೊಯ್ದ ಹೊಸ ಯೂನಿಟ್ ಎಂಜಿನ್‌ಗಾಗಲಿ ಇಲ್ಲಿನ ಅಳತೆಗಳು ಹೊಂದುವುದಿಲ್ಲ.

ಬೇಕಾಗುವ ಉಪಕರಣಗಳು

ಫೀಲರ್ ಗೇಜ್, ವರ್ನಿಯರ್ ಕ್ಯಾಲಿಪರ್, ಟೈರ್ ಗಾಳಿ ಗೇಜ್, ಕಂಪ್ರೆಷನ್ ಗೇಜ್, ಮಲ್ಟಿಮೀಟರ್ ಅಥವಾ ಎರಡು ವೈರ್ ಹಾಕಿದ ಸಣ್ಣ ಬಲ್ಬ್, ಒಂದು ನೇರವಾದ ಸೈಕಲ್ ಕಡ್ಡಿ. ಜೊತೆಗೆ ಒಂದು ನೋಟ್‌ಬುಕ್, ಅದನ್ನು ಮರೆಯಬೇಡಿ.

ಸ್ಪಾನರ್ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಬುಲೆಟ್‌ನ ಹಲವು ನಟ್‌ಗಳು ಬ್ರಿಟಿಷ್ ಅಳತೆಯವು. ಹತ್ತಿರ ಹತ್ತಿರದ ಮಿಲಿಮೀಟರ್ ಸ್ಪಾನರ್ ಹಾಕಿ ಒತ್ತಿದರೆ ಮೂಲೆಗಳು ಸವೆದು ದುಂಡಗಾಗುತ್ತವೆ. ಜೆಟ್ (ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹರಿಯುವ ಅಳತೆಯ ತೂತಿರುವ ಹಿತ್ತಾಳೆ ತಿರುಪು) ಬಿಚ್ಚಲು ಅದರ ತಲೆಯ ಸೀಳಿನ ಪೂರ್ತಿ ಅಗಲಕ್ಕೆ ಕೂರುವ ಸ್ಕ್ರೂಡ್ರೈವರ್ ಇರಲಿ. ಹಿತ್ತಾಳೆ ಒಮ್ಮೆ ಹರಿದರೆ ಆ ಜೆಟ್ ಹೊರಗೆ ಬರುವುದು ದೇವರಿಗೇ ಪ್ರೀತಿ.

ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ, ನೀರಿನಿಂದ ಅನಿಲ ಮಾಡುವ ಡಬ್ಬಿ ಇವುಗಳ ಬಗ್ಗೆ ಕೇಳಬೇಡಿ. ಆ ದುಡ್ಡಿನಲ್ಲಿ ಹೊಸ ಬ್ರೇಕ್ ಲೈನರ್ ಬರುತ್ತದೆ.

ಹಂತ 1: ಈಗ ಎಷ್ಟು ಬರುತ್ತಿದೆ ಎಂದು ಅಳೆಯಿರಿ

ನೂರು ರೂಪಾಯಿ ಪೆಟ್ರೋಲ್ ಹಾಕಿಸಿ, ರಿಸರ್ವ್ ಬರುವತನಕ ಓಡಿಸಿ ಲೆಕ್ಕ ಹಾಕುವುದು ಅಳತೆಯಲ್ಲ, ಊಹೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟ್ಯಾಂಕ್ ಬಾಯಿಯ ಒಳಗೆ ಗುರುತಿಟ್ಟುಕೊಂಡ ಮಟ್ಟಕ್ಕೆ ತುಂಬಿಸಿ. ಕನಿಷ್ಠ 250 ಕಿ.ಮೀ. ಓಡಿಸಿ. ಅದೇ ಬಂಕ್, ಅದೇ ಸ್ಟ್ಯಾಂಡ್, ಅದೇ ಗುರುತಿಗೆ ಮತ್ತೆ ತುಂಬಿಸಿ. ಮೂರು ಸಲ ಹೀಗೆ ಮಾಡಿ ಸರಾಸರಿ ತೆಗೆಯಿರಿ.

ದೂರ ಇಷ್ಟೇಕೆ? ತುಂಬಿಸುವಾಗ 200 ಮಿ.ಲೀ. ಹೆಚ್ಚುಕಡಿಮೆ ಆಗುವುದು ಸಹಜ. ಏಳು ಲೀಟರ್ ಬಳಸಿದ್ದರೆ ಆ ತಪ್ಪು ಶೇ. 3ರ ಹತ್ತಿರ, ಎರಡೇ ಲೀಟರ್ ಬಳಸಿದ್ದರೆ ಶೇ. 10. ಲೀಟರಿಗೆ ಎರಡು ಕಿ.ಮೀ. ಹೆಚ್ಚಿತು ಎಂದು ಕುಣಿದವರಲ್ಲಿ ಅನೇಕರು ಕಂಡದ್ದು ಈ ತಪ್ಪನ್ನೇ.

ಸ್ಪೀಡೋಮೀಟರನ್ನೂ ನಂಬಬೇಡಿ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ನಡುವೆ ಹತ್ತು ಕಿ.ಮೀ. ಓಡಿಸಿ, ಅಥವಾ ಮೊಬೈಲಿನ ಜಿಪಿಎಸ್ ಜೊತೆ ಹೋಲಿಸಿ, ವ್ಯತ್ಯಾಸವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ನಿರೀಕ್ಷೆಯೂ ಸರಿಯಾಗಿರಬೇಕು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಲೆಕ್ಕ ಹಾಕಿದರೆ ಮಿಶ್ರಣದಲ್ಲಿ ಲೀಟರಿಗೆ ಶೇ. 6ರಿಂದ 7ರಷ್ಟು ಶಕ್ತಿ ನಷ್ಟ. ಹಿಂದೆ 35 ಕೊಡುತ್ತಿದ್ದ ಎಂಜಿನ್ ಅಷ್ಟೇ ಚೆನ್ನಾಗಿದ್ದರೂ ಈಗ 33ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಳೆದುಹೋದ ಆ ಎರಡು ಕಿ.ಮೀ. ಹುಡುಕಿಕೊಂಡು ಜೆಟ್ ಕಿರಿದಾಗಿಸಲು ಹೋದವರೇ ಪಿಸ್ಟನ್ ಸುಟ್ಟುಕೊಳ್ಳುವುದು.

ಹಂತ 2: ಗಾಡಿ ಹಗುರವಾಗಿ ಉರುಳಬೇಕು

ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಕೈಬಿಟ್ಟ ಮೇಲೂ ಕೆಲವು ಸುತ್ತು ತಿರುಗಬೇಕು. ಉಜ್ಜುವ ಸದ್ದು ಕೇಳಿಸಿದರೆ ಲೈನರ್ ಹಿಡಿಯುತ್ತಿದೆ. ಆಮೇಲೆ ಐದು ಕಿ.ಮೀ. ಓಡಿಸಿ, ಬ್ರೇಕ್ ಒತ್ತದೆ ವೇಗ ಇಳಿಸಿ ನಿಲ್ಲಿಸಿ, ಎರಡೂ ಡ್ರಮ್ ಹತ್ತಿರ ಹುಷಾರಾಗಿ ಅಂಗೈ ಒಯ್ಯಿರಿ. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಬ್ರೇಕ್ ಕ್ಯಾಮ್ ಬಿಚ್ಚಿ, ತುಕ್ಕು ಉಜ್ಜಿ, ತೆಳುವಾಗಿ ಗ್ರೀಸ್ ಹಚ್ಚಿ. ಸ್ಪ್ರಿಂಗ್ ಸಡಿಲವಾಗಿದ್ದರೆ ಬದಲಿಸಿ. ಗ್ರೀಸ್ ಲೈನರಿಗೆ ತಾಗಬಾರದು.

ಟೈರ್ ಗಾಳಿ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ. ಹಿಂದಿನ ಚೈನ್ 25ರಿಂದ 30 ಮಿ.ಮೀ. ಆಡಬೇಕು. ಹಳೆಯ ಚೈನ್ ಎಲ್ಲ ಕಡೆ ಒಂದೇ ಸಮ ಹಿಗ್ಗಿರುವುದಿಲ್ಲ, ಆದ್ದರಿಂದ ಚಕ್ರ ತಿರುಗಿಸುತ್ತಾ ಅತಿ ಬಿಗಿಯಾದ ಜಾಗದಲ್ಲಿ ಅಳೆಯಿರಿ.

ಕ್ಲಚ್ ಜಾರುತ್ತಿದೆಯೇ ಎಂದು ತಿಳಿಯಲು ನಾಲ್ಕನೇ ಗೇರ್‌ನಲ್ಲಿ ಗಂಟೆಗೆ 40 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಪೂರ್ತಿ ತೆರೆಯಿರಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪೆಟ್ರೋಲ್ ಪ್ಲೇಟ್‌ಗಳಲ್ಲಿ ಬಿಸಿಯಾಗಿ ಹೋಗುತ್ತಿದೆ. ಕೇಬಲ್‌ನಲ್ಲಿ ಸ್ವಲ್ಪವೂ ಸಡಿಲ ಬಿಡದೆ ಬಿಗಿ ಮಾಡಿರುವುದೇ ಇದಕ್ಕೆ ಸಾಮಾನ್ಯ ಕಾರಣ.

ಹಂತ 3: ಕಂಪ್ರೆಷನ್ ಎಲ್ಲಿ ಸೋರುತ್ತಿದೆ

ಬುಲೆಟ್‌ನಲ್ಲಿ ಮೊದಲು ಅನುಮಾನಿಸಬೇಕಾದ್ದು ಡೀಕಂಪ್ರೆಸರ್. ಅದರ ಕೇಬಲ್ ಬಿಗಿಯಾಗಿದ್ದರೆ ವಾಲ್ವ್ ಕೂದಲೆಳೆಯಷ್ಟು ತೆರೆದೇ ಇರುತ್ತದೆ. ಪ್ರತಿ ಕಂಪ್ರೆಷನ್ ಸ್ಟ್ರೋಕ್‌ನಲ್ಲೂ (ಪಿಸ್ಟನ್ ಮೇಲೇರಿ ಮಿಶ್ರಣವನ್ನು ಅದುಮುವಾಗ) ಮಿಶ್ರಣ ಹೊರಗೆ ಹೋಗುತ್ತದೆ, ವಾಲ್ವ್‌ನ ಅಂಚು ಸುಡುತ್ತದೆ. ಲಿವರ್‌ನಲ್ಲಿ ಎರಡು ಮೂರು ಮಿ.ಮೀ. ಸಡಿಲ ಬಿಡಿ. ಸೋರಿಕೆ ಆಗಲೂ ನಿಲ್ಲದಿದ್ದರೆ ಬಿಚ್ಚಿ ಲ್ಯಾಪಿಂಗ್ ಪೇಸ್ಟ್ ಹಾಕಿ ಉಜ್ಜಿ ಕೂರಿಸಿ.

ಮುಂದೆ ಕಂಪ್ರೆಷನ್ ಗೇಜ್. ಎಂಜಿನ್ ಬಿಸಿಯಿರುವಾಗ, ಆಕ್ಸಿಲರೇಟರ್ ಪೂರ್ತಿ ತೆರೆದು, ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಮಾಡಿ ಅಂಕೆ ಬರೆದುಕೊಳ್ಳಿ. ಆಮೇಲೆ ಪ್ಲಗ್ ತೂತಿನಲ್ಲಿ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕೆ ಚೆನ್ನಾಗಿ ಏರಿದರೆ ರಿಂಗ್ ಮತ್ತು ಬೋರ್ ಸವೆದಿವೆ. ಏರದಿದ್ದರೆ ಸೋರುತ್ತಿರುವುದು ವಾಲ್ವ್ ಅಥವಾ ಹೆಡ್ ಪ್ಯಾಕಿಂಗ್. ರಿಂಗ್ ಸವೆದಿದ್ದರೆ ಮುಂದಿನ ಹಂತಗಳು ವ್ಯರ್ಥ. ಬೋರಿಂಗ್‌ಗೆ (ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸುವುದಕ್ಕೆ) ದುಡ್ಡು ಕೂಡಿಸಿ, ನೇರವಾಗಿ ಒಂಬತ್ತನೇ ಹಂತ ಓದಿಕೊಳ್ಳಿ. ಕ್ರಮ ಬಿಟ್ಟು ಹಾರಲು ನಾನು ಅನುಮತಿ ಕೊಡುವುದು ಇಲ್ಲಿ ಮಾತ್ರ.

ಟ್ಯಾಪೆಟ್ (ವಾಲ್ವ್ ಎತ್ತುವ ಭಾಗಗಳ ನಡುವಿನ ಸಂದು) ಹೊಂದಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್ ಸ್ಟ್ರೋಕ್‌ನ ತುದಿಯಲ್ಲಿರಬೇಕು. ಈ ಎಂಜಿನ್‌ನಲ್ಲಿ ಎರಡೂ ವಾಲ್ವ್‌ಗಳಿಗೆ ಸಂದು ಸೊನ್ನೆ: ಪುಶ್ ರಾಡ್ (ಕೆಳಗಿನಿಂದ ತಳ್ಳಿ ವಾಲ್ವ್ ತೆರೆಸುವ ಕಡ್ಡಿ) ಬೆರಳಿನಲ್ಲಿ ಸರಾಗ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಬೇರೆ ಬೈಕ್‌ಗಳ ರೂಢಿಯಲ್ಲಿ ಸಂದು ಬಿಟ್ಟರೆ ಟಕಟಕ ಸದ್ದು ಬರುತ್ತದೆ. ಸದ್ದೇ ಬೇಡವೆಂದು ಬಿಗಿ ಹಿಡಿದರೆ ಎಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಕೂರುವುದಿಲ್ಲ.

ಒಂದು ಸೂಚನೆಯನ್ನು ಗಮನವಿಟ್ಟು ನೋಡಿ. ಹೊಂದಿಸಿದ ಕೆಲವೇ ವಾರಗಳಲ್ಲಿ ಎಗ್ಸಾಸ್ಟ್ ಬದಿಯ ಪುಶ್ ರಾಡ್ ಮತ್ತೆ ಮತ್ತೆ ಬಿಗಿಯಾಗುತ್ತಿದ್ದರೆ ವಾಲ್ವ್ ತನ್ನ ಸೀಟಿನೊಳಗೆ (ಅದು ಮುಚ್ಚಿದಾಗ ಕೂರುವ ಉಂಗುರದೊಳಗೆ) ಇಳಿಯುತ್ತಿದೆ ಎಂದರ್ಥ. ಹಳೆಯ ಎಂಜಿನ್‌ಗಳಲ್ಲಿ ಪೆಟ್ರೋಲಿನ ಸೀಸ ಸೀಟಿಗೆ ಒಂದು ರಕ್ಷಣೆಯಾಗಿತ್ತು. 2000ದಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ ಸಿಗುತ್ತಿದೆ. ಸೀಟ್ ಇಳಿಯುತ್ತಿದ್ದರೆ ಗಟ್ಟಿ ಉಕ್ಕಿನ ಸೀಟ್ ಕೂರಿಸುವುದೇ ಪರಿಹಾರ.

ಹಂತ 4: ಕಿಡಿ ಸರಿಯಾದ ಹೊತ್ತಿಗೆ ಬೀಳಬೇಕು

ನನ್ನ ಅನುಭವದಲ್ಲಿ ಅತಿ ಹೆಚ್ಚು ಮೈಲೇಜ್ ಮರಳಿ ಸಿಗುವುದು ಈ ಹಂತದಲ್ಲಿ. ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಅದಕ್ಕೇ ಏನೋ, ಯಾರೂ ಮಾಡುವುದಿಲ್ಲ.

ಮೊದಲು ಪಾಯಿಂಟ್ ಸಂದು 0.35ರಿಂದ 0.40 ಮಿ.ಮೀ. ಇಡಿ. ಟೈಮಿಂಗ್ ಹೊಂದಿಸಿದ ಮೇಲೆ ಸಂದು ಬದಲಿಸಿದರೆ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಇದೇ ಕ್ರಮ. ಪಾಯಿಂಟ್ ಮೇಲೆ ಗುಳಿ ಬಿದ್ದಿದ್ದರೆ ಉಜ್ಜಿ ಸಮ ಮಾಡುವುದಕ್ಕಿಂತ ಹೊಸದು ಹಾಕಿ. ಪ್ಲಗ್ ಸಂದು 0.5 ಮಿ.ಮೀ.

ಆಮೇಲೆ ಪಾಯಿಂಟ್ ಕೆಳಗಿರುವ ಅಡ್ವಾನ್ಸ್ ಯೂನಿಟ್, ಎಂಜಿನ್ ವೇಗ ಏರಿದಂತೆ ಕಿಡಿಯನ್ನು ಬೇಗ ಬೀಳಿಸುವ ಭಾಗ. ಕ್ಯಾಮನ್ನು ಬೆರಳಿನಿಂದ ತಿರುವಿ ಬಿಟ್ಟರೆ ಅದು ತಾನಾಗಿ ಚಿಮ್ಮಿ ಹಿಂದಕ್ಕೆ ಬರಬೇಕು. ಹಳೆಯ ಗ್ರೀಸ್ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಎಂಜಿನ್ ಎಷ್ಟೇ ಓಡಿದರೂ ಕಿಡಿ ತಡವಾಗಿಯೇ ಬೀಳುತ್ತದೆ. ಉರಿ ಎಗ್ಸಾಸ್ಟ್ ಪೈಪಿನೊಳಗೂ ಮುಂದುವರಿದು ಪೈಪ್ ನೀಲಿಯಾಗುತ್ತದೆ, ಮೈಲೇಜ್ ಬಿದ್ದುಹೋಗುತ್ತದೆ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಂದೆರಡು ಹನಿ ತೆಳು ಎಣ್ಣೆ ಬಿಡಿ. ಸ್ಪ್ರಿಂಗ್ ಹಿಗ್ಗಿದ್ದರೆ ಜೋಡಿಯಾಗಿಯೇ ಬದಲಿಸಿ.

ಈಗ ಟೈಮಿಂಗ್. ಪ್ಲಗ್ ಬಿಚ್ಚಿ, ನಾಲ್ಕನೇ ಗೇರ್ ಹಾಕಿ, ಹಿಂದಿನ ಚಕ್ರ ತಿರುಗಿಸುತ್ತಾ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕ್‌ನ ತುದಿಗೆ ತನ್ನಿ. ಎರಡೂ ಪುಶ್ ರಾಡ್ ಸಡಿಲವಾಗಿದ್ದರೆ ಅದೇ ಸರಿಯಾದ ಸ್ಟ್ರೋಕ್. ಪ್ಲಗ್ ತೂತಿನೊಳಗೆ ಸೈಕಲ್ ಕಡ್ಡಿ ಇಳಿಸಿ ಗುರುತು ಮಾಡಿ. ಚಕ್ರವನ್ನು ಹಿಂದಕ್ಕೆ ಅರ್ಧ ಇಂಚಿನಷ್ಟು ಪಿಸ್ಟನ್ ಇಳಿಯುವವರೆಗೆ ತಿರುಗಿಸಿ, ಮತ್ತೆ ಮುಂದಕ್ಕೆ ತರುತ್ತಾ ತುದಿಗೆ 0.8 ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ. ಹೀಗೆ ಮುಂದಕ್ಕೆ ಬಂದು ನಿಲ್ಲಿಸಿದರೆ ಚೈನ್ ಮತ್ತು ಗೇರುಗಳ ಸಡಿಲ ಅಳತೆಯನ್ನು ಕೆಡಿಸುವುದಿಲ್ಲ. ಪ್ಲಗ್ ತೂತು ಓರೆಯಾಗಿರುವುದರಿಂದ ಕಡ್ಡಿಯನ್ನು ಪ್ರತಿ ಸಲವೂ ಒಂದೇ ಕೋನದಲ್ಲಿ ಹಿಡಿಯಿರಿ.

ಪಾಯಿಂಟ್ ತೆರೆಯುವ ಗಳಿಗೆ ಅದೇ ಆಗಿರಬೇಕು, ಅಡ್ವಾನ್ಸ್ ಯೂನಿಟ್ ಹಿಂದಕ್ಕೆ ಕೂತಿರಬೇಕು. ತೆರೆಯಿತೇ ಎಂದು ಕಣ್ಣಿನಲ್ಲಿ ಅಂದಾಜು ಮಾಡಬೇಡಿ, ಬಲ್ಬ್ ಅಥವಾ ಮಲ್ಟಿಮೀಟರ್ ಹಾಕಿ. ಎರಡೂ ಇಲ್ಲದಿದ್ದರೆ ಕೀ ತಿರುವಿ ಆಂಪಿಯರ್ ಮೀಟರ್ ನೋಡಿ: ಪಾಯಿಂಟ್ ಕೂಡಿರುವಾಗ ಮುಳ್ಳು ಡಿಸ್ಚಾರ್ಜ್ ಕಡೆಗೆ ವಾಲಿರುತ್ತದೆ, ತೆರೆದ ಕ್ಷಣ ನಡುವಿಗೆ ಬರುತ್ತದೆ. ಕಿಕ್ ಮಾಡುವಾಗ ನೋಡುವ ಅದೇ ಮುಳ್ಳು.

ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಬಹುದೇ? ಹಾಕಬಹುದು. ಪಾಯಿಂಟ್ ಸವೆದು ಟೈಮಿಂಗ್ ಜರುಗುವ ಕಾಟ ತಪ್ಪುತ್ತದೆ. ಆದರೆ ಪಾಯಿಂಟ್ ಸರಿಯಿದ್ದ ಗಾಡಿಯಲ್ಲಿ ಕಿಟ್ ಒಂದರಿಂದಲೇ ಮೈಲೇಜ್ ನೆಗೆಯುವುದಿಲ್ಲ. 6 ವೋಲ್ಟ್ ಗಾಡಿಗೆ 12 ವೋಲ್ಟ್ ಕಿಟ್ ಹಾಕಬೇಡಿ, ಸೊರಗಿದ ಬ್ಯಾಟರಿಯ ಮೇಲೂ ಹಾಕಬೇಡಿ.

ಹಂತ 5: ಎಥನಾಲ್ ತಡೆಯುವ ಭಾಗಗಳು

ಹಳೆಯ ರಬ್ಬರ್ ಎಥನಾಲ್‌ನಲ್ಲಿ ಉಬ್ಬುತ್ತದೆ ಅಥವಾ ಮೆತ್ತಗಾಗುತ್ತದೆ. ಪೆಟ್ರೋಲ್ ಪೈಪ್, ಕಾಕ್‌ನ ವಾಷರ್, ಫ್ಲೋಟ್ ನೀಡಲ್‌ನ ತುದಿ, ಕಾರ್ಬುರೇಟರ್ ಓ ರಿಂಗ್ ಇವನ್ನು ಎಥನಾಲ್ ತಡೆಯುವ ರಬ್ಬರಿನವಕ್ಕೆ ಬದಲಿಸಿ. ವೈಟಾನ್ ಎಂದು ಕೇಳಿದರೆ ಅಂಗಡಿಯವರಿಗೆ ತಿಳಿಯುತ್ತದೆ.

ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ತುಕ್ಕು ಅಲ್ಲಿಂದ ಶುರು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬುರೇಟರ್‌ನಲ್ಲಿರುವುದು ಮುಗಿಯುವವರೆಗೆ ಎಂಜಿನ್ ಓಡಿಸಿ ಬಿಡಿ.

ದುಬಾರಿ ಹೆಚ್ಚು ಆಕ್ಟೇನ್ ಪೆಟ್ರೋಲ್ ಬೇಕಿಲ್ಲ. ಹಳೆಯ ಮಾದರಿಗಳ ಕಂಪ್ರೆಷನ್ ಅನುಪಾತ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬುದು) ಸುಮಾರು 6.5:1. ಅದಕ್ಕೆ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಸಾಕುಬೇಕು.

ಹಂತ 6: ಕದ್ದು ನುಗ್ಗುವ ಗಾಳಿ

ಕಾರ್ಬುರೇಟರ್ ಮತ್ತು ಹೆಡ್ ನಡುವಿನ ಜಾಗದಲ್ಲಿ ಗಾಳಿ ನುಗ್ಗಿದರೆ ಐಡಲ್ ಒಂದೇ ಸಮ ನಿಲ್ಲುವುದಿಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ಮೇಲಿನ ಸದ್ದಿನಲ್ಲೇ ಸ್ವಲ್ಪ ಹೊತ್ತು ತೂಗಾಡುತ್ತದೆ. ಐಡಲ್‌ನಲ್ಲಿ ಆ ಜೋಡಣೆಯ ಸುತ್ತ ಸೋಪು ನೀರು ಸಿಂಪಡಿಸಿ, ಸದ್ದು ಬದಲಾದರೆ ಅಲ್ಲೇ ಸೋರಿಕೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಅಥವಾ ಕಾರ್ಬುರೇಟರ್ ಕ್ಲೀನರ್ ಎರಚಿ ನೋಡುವವರಿದ್ದಾರೆ. ಬೆಂಕಿಗೆ ಅಷ್ಟೇ ಸಾಕು.

ಕಾರ್ಬುರೇಟರ್ ಹೆಡ್‌ಗೆ ಕೂರುವ ಚಪ್ಪಟೆ ಅಂಚಿನ, ಎಂದರೆ ಫ್ಲೇಂಜ್‌ನ, ನಟ್‌ಗಳನ್ನು ಬಲವಾಗಿ ಬಿಗಿದಷ್ಟೂ ಅದು ಬಾಗಿ ಸೋರಿಕೆ ಹೆಚ್ಚುತ್ತದೆ. ಬಾಗಿದ್ದರೆ ಗಾಜಿನ ಮೇಲೆ ನುಣ್ಣನೆಯ ಎಮರಿ ಕಾಗದ ಹಾಸಿ ಉಜ್ಜಿ ಸಮ ಮಾಡಿ.

ಹಂತ 7: ಈಗ ಕಾರ್ಬುರೇಟರ್

ಹೊಂದಿಸುವ ಮೊದಲು ಸವೆದದ್ದನ್ನು ಬದಲಿಸಿ. ವರ್ಷಗಟ್ಟಲೆ ಅಲುಗಾಡುವ ನೀಡಲ್ (ಆಕ್ಸಿಲರೇಟರ್ ಜೊತೆ ಏರಿಳಿದು ಪೆಟ್ರೋಲ್ ಅಳೆಯುವ ಸೂಜಿ) ತನ್ನ ಸುತ್ತಲಿನ ನೀಡಲ್ ಜೆಟ್‌ನ ತೂತನ್ನು ಮೊಟ್ಟೆಯಾಕಾರಕ್ಕೆ ಸವೆಸುತ್ತದೆ. ಮಧ್ಯಮ ವೇಗದಲ್ಲಿ ಪೆಟ್ರೋಲ್ ಕುಡಿಯುವ ಗಾಡಿಗಳಲ್ಲಿ ತಪ್ಪು ಸಾಮಾನ್ಯವಾಗಿ ಇದೇ. ಯಾವ ತಿರುಪನ್ನು ತಿರುಗಿಸಿದರೂ ಇದು ಸರಿಹೋಗದು. ನೀಡಲ್ ಮತ್ತು ಜೆಟ್ ಎರಡನ್ನೂ ಒಟ್ಟಿಗೆ ಹೊಸದು ಹಾಕಿ.

ಎರಡನೆಯದು ಚೋಕ್. ಅದರ ಪ್ಲಂಜರ್ ತಳದ ರಬ್ಬರ್ ಗಟ್ಟಿಯಾಗಿದ್ದರೆ ಚೋಕ್ ಸದಾ ಅರೆತೆರೆದಿರುತ್ತದೆ. ಮೂರನೆಯದು ಫ್ಲೋಟ್ ಮಟ್ಟ, ಎಂದರೆ ಕಾರ್ಬುರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ನಿಲ್ಲುವ ಎತ್ತರ. ನಾಲ್ಕನೆಯದು ಏರ್ ಫಿಲ್ಟರ್: ಸದ್ದು ಚೆನ್ನಾಗಿರುತ್ತದೆಂದು ಅದನ್ನು ಕಿತ್ತು ಓಡಿಸುವವರು ಬೋರ್‌ಗೆ ಧೂಳಿನ ಎಮರಿ ಹಾಕುತ್ತಿದ್ದಾರೆ.

ಜೆಟ್ ವಿಷಯದಲ್ಲಿ ಈಗ ಎಲ್ಲರೂ ತಲೆಕೆಳಗಾಗಿ ಯೋಚಿಸುತ್ತಾರೆ. ಎಥನಾಲ್ ಇಲ್ಲದ ಪೆಟ್ರೋಲಿನ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಶೇ. 20 ಎಥನಾಲ್ ಬೆರೆತರೆ 13.5ರ ಸುತ್ತಮುತ್ತ ಸಾಕು. ಅಂದರೆ ಹಳೆಯ ಪೆಟ್ರೋಲಿಗೆ ಸರಿಯಾಗಿದ್ದ ಜೆಟ್ ಹೊಸ ಪೆಟ್ರೋಲಿನಲ್ಲಿ ಈಗಾಗಲೇ ತೆಳು ಮಿಶ್ರಣ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಕೊಡುತ್ತಿದೆ. ಸವೆತವಿಲ್ಲದ ಕಾರ್ಬುರೇಟರ್‌ಗೆ ಮೇನ್ ಜೆಟ್ ಒಂದು ಮೆಟ್ಟಿಲು ದೊಡ್ಡದು ಹಾಕಿದಾಗ ಎಳೆತ ಮರಳಿ, ಆಕ್ಸಿಲರೇಟರ್ ಕಡಿಮೆ ತೆರೆದು, ಮೈಲೇಜ್ ಏರಿದ್ದನ್ನು ಕಂಡಿದ್ದೇನೆ. ಕಿರಿದು ಹಾಕಿ ನಾನೇ ಒಮ್ಮೆ ಸಕಲೇಶಪುರದ ಏರಿನಲ್ಲಿ ಪಿಸ್ಟನ್ ಹಿಡಿಸಿಕೊಂಡು (ಬಿಸಿಗೆ ಹಿಗ್ಗಿ ಸಿಲಿಂಡರ್‌ನೊಳಗೆ ಸಿಕ್ಕಿಕೊಂಡು) ರಾತ್ರಿ ಲಾರಿಯಲ್ಲಿ ಮನೆ ಸೇರಿದ್ದೂ ಇದೆ.

ಹೊಂದಿಸುವ ಕ್ರಮ ಹೀಗೆ. ಆಕ್ಸಿಲರೇಟರ್ ಹಿಡಿಕೆಗೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಮಾಡಿ. ಮುಕ್ಕಾಲಿನಿಂದ ಮೇಲೆ ಮೇನ್ ಜೆಟ್‌ನ ರಾಜ್ಯ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್: ಕ್ಲಿಪ್ಪನ್ನು ಮೇಲಿನ ಕಚ್ಚಿಗೆ ಹಾಕಿದರೆ ನೀಡಲ್ ಇಳಿದು ಮಿಶ್ರಣ ತೆಳು, ಕೆಳಗಿನ ಕಚ್ಚಿಗೆ ಹಾಕಿದರೆ ದಟ್ಟ. ಅತಿ ಕೆಳಗೆ ಪೈಲಟ್ ಜೆಟ್ ಮತ್ತು ಗಾಳಿಯ ತಿರುಪು. ದಿನನಿತ್ಯದ ಓಡಾಟ ಬಹುತೇಕ ಕಾಲು ಆಕ್ಸಿಲರೇಟರ್‌ನ ಆಚೀಚೆಯೇ ಆದ್ದರಿಂದ ಮೈಲೇಜ್ ನಿರ್ಧರಿಸುವುದು ಪೈಲಟ್ ಮತ್ತು ನೀಡಲ್.

ಗಾಳಿಯ ತಿರುಪನ್ನು ಮೆಲ್ಲನೆ ಕೊನೆಯವರೆಗೆ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತೆಗೆಯಿರಿ. ಇಲ್ಲಿಂದ ಶುರು. ಇದು ಗಾಳಿಯನ್ನು ತಡೆಯುವ ತಿರುಪಾದ್ದರಿಂದ ಒಳಗೆ ತಿರುಗಿಸಿದರೆ ಮಿಶ್ರಣ ದಟ್ಟವಾಗುತ್ತದೆ. ಪೆಟ್ರೋಲ್ ಉಳಿಸಲೆಂದು ಒಳಗೆ ಬಿಗಿದು ಕೂರಿಸಿದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಬಿಸಿ ಎಂಜಿನ್‌ನಲ್ಲಿ ಐಡಲ್ ಅತಿ ಹೆಚ್ಚು ಏರುವ ಜಾಗ ಹುಡುಕಿ, ಐಡಲ್ ತಿರುಪಿನಿಂದ ವೇಗ ತಗ್ಗಿಸಿ, ಮತ್ತೊಮ್ಮೆ ಹುಡುಕಿ. ಹೊಗೆ ತಪಾಸಣೆಯ ಚೀಟಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ: ಕಾರ್ಬನ್ ಮಾನಾಕ್ಸೈಡ್ ಅಂಕೆ ಹೆಚ್ಚಿದ್ದರೆ ಐಡಲ್ ದಟ್ಟವಾಗಿದೆ. ಓಡುವಾಗಿನ ಸ್ಥಿತಿಯನ್ನು ಆ ಚೀಟಿ ಹೇಳುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ 250 ಕಿ.ಮೀ. ಓಟ.

ಪ್ಲಗ್ ಬಣ್ಣ ನೋಡುವವರಿಗೆ ಒಂದು ಮಾತು. ಕಾಫಿ ಬಣ್ಣ ಬರಬೇಕೆಂಬ ಹಳೆಯ ಪಾಠ ಸೀಸದ ಕಾಲದ್ದು. ಈಗಿನ ಪೆಟ್ರೋಲಿನಲ್ಲಿ ಸರಿಯಾದ ಮಿಶ್ರಣದಲ್ಲೂ ಪಿಂಗಾಣಿ ಪೇಲವವಾಗಿಯೇ ಕಾಣುತ್ತದೆ. ಅದರ ಬುಡದಲ್ಲಿ ಸಣ್ಣ ಮಸಿ ಉಂಗುರ ಇದ್ದರೆ ಸಾಕು.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಏರಿನಲ್ಲಿ ಕಾಳು ಹುರಿದಂತೆ ಚಟಪಟ ಬಡಿತ ಕೇಳಿಸಿದರೆ ಟೈಮಿಂಗ್ ಮುಂದಿದೆ ಅಥವಾ ಮಿಶ್ರಣ ತೆಳು. ಕಾರ್ಬುರೇಟರ್ ಒಳಗಿಂದ ಸೀನಿದಂತಾದರೆ ತೆಳು. ಪ್ಲಗ್‌ನ ಪಿಂಗಾಣಿಯ ಮೇಲೆ ಹೊಳೆಯುವ ಸಣ್ಣ ಚುಕ್ಕೆಗಳಿದ್ದರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ. ಆ ಗಾಡಿಯನ್ನು ಮನೆಗೆ ತಳ್ಳಿಕೊಂಡು ಬನ್ನಿ. ವೇಗದಲ್ಲಿರುವಾಗ ಎಂಜಿನ್ ಯಾರೋ ಹಿಂದೆ ಎಳೆದಂತೆ ಭಾರವಾದರೆ ಕೂಡಲೇ ಕ್ಲಚ್ ಹಿಡಿಯಿರಿ. ಪಿಸ್ಟನ್ ಹಿಡಿಯಲು ಶುರುವಾಗಿದೆ.

ಹಂತ 8: ಗೇರ್‌ಬಾಕ್ಸ್ ಸ್ಪ್ರಾಕೆಟ್, ಹೆದ್ದಾರಿ ಸವಾರರಿಗೆ ಮಾತ್ರ

350ರ ಗೇರ್‌ಬಾಕ್ಸ್ ಸ್ಪ್ರಾಕೆಟ್‌ಗೆ 16 ಹಲ್ಲು. 17 ಹಲ್ಲಿನದು ಹಾಕಿದರೆ ಅದೇ ವೇಗಕ್ಕೆ ಎಂಜಿನ್ ಸುಮಾರು ಶೇ. 6 ನಿಧಾನ ತಿರುಗುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಗಂಟೆಗೆ 55–65 ಕಿ.ಮೀ.ನಲ್ಲಿ ಓಡಿಸುವವರಿಗೆ ಇದು ಲಾಭ. ಊರೊಳಗೆ, ಘಟ್ಟದಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಓಡಿಸುವವರಿಗೆ ನಷ್ಟ. ನಾಲ್ಕನೇ ಗೇರ್‌ನಲ್ಲಿ ಎಂಜಿನ್ ಏದುಸಿರು ಬಿಡುತ್ತಿದ್ದರೂ ಗೇರ್ ಇಳಿಸದಿದ್ದರೆ ಹೊಡೆತ ಬೀಳುವುದು ಕನೆಕ್ಟಿಂಗ್ ರಾಡ್‌ನ ಬುಷ್‌ಗೆ. ಸವೆದ ಚೈನ್ ಮೇಲೆ ಹೊಸ ಸ್ಪ್ರಾಕೆಟ್ ಹಾಕಬೇಡಿ.

ಹಂತ 9: ಕಂಪ್ರೆಷನ್ ಏರಿಸುವುದು, ಬೋರಿಂಗ್ ಮಾಡಿಸುವಾಗ ಮಾತ್ರ

ಕಂಪ್ರೆಷನ್ ಅನುಪಾತ ಏರಿದರೆ ಅಷ್ಟೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ. 6.5ರಿಂದ 7.25ಕ್ಕೆ ಏರಿಸುವುದು ಈ ಎಂಜಿನ್ ತಾಳಿಕೊಳ್ಳುವ ಮಿತ ಹೆಜ್ಜೆ. ಅದಕ್ಕಿಂತ ಮುಂದೆ ಹೋಗಲು ಕನೆಕ್ಟಿಂಗ್ ರಾಡ್‌ನ ಕೆಳತುದಿಯ ಬುಷ್ ಒಪ್ಪುವುದಿಲ್ಲ.

ಲೆಕ್ಕ ನೋಡಿ. 346 ಸಿಸಿಗೆ 6.5 ಅನುಪಾತವಿದ್ದರೆ ಹೆಡ್‌ನೊಳಗಿನ ಜಾಗ ಸುಮಾರು 63 ಸಿಸಿ. 7.25 ಆಗಬೇಕಾದರೆ ಅದು 55 ಸಿಸಿಯಷ್ಟಾಗಬೇಕು. 70 ಮಿ.ಮೀ. ಬೋರ್‌ನಲ್ಲಿ ಈ ಏಳೆಂಟು ಸಿಸಿ ಎಂದರೆ ಸುಮಾರು 2 ಮಿ.ಮೀ. ಎತ್ತರ. ಅಷ್ಟನ್ನು ಹೆಡ್‌ನಿಂದ ತುರಿದು ತೆಗೆಸುವುದು ಮೂರ್ಖತನ. ತಲೆ ಎತ್ತರವಿರುವ ಪಿಸ್ಟನ್ ಆರಿಸಿಕೊಳ್ಳಿ. ಲೇತ್ ಅಂಗಡಿಯಲ್ಲಿ ಬೋರ್ ಕೊರೆಯುವ ಮೊದಲು ಪಿಸ್ಟನ್ ಅವರ ಕೈಗೆ ಕೊಡಿ. ಸಂದು ನಿರ್ಧಾರವಾಗುವುದು ಆ ಪಿಸ್ಟನ್‌ಗೆ ತಕ್ಕಂತೆ.

ಜೋಡಿಸುವಾಗ ಪಿಸ್ಟನ್ ತಲೆಯ ಮೇಲೆ ಮಕ್ಕಳು ಆಡುವ ಜೇಡಿಯ ತೆಳು ಬಿಲ್ಲೆ ಅಂಟಿಸಿ, ಹಳೆಯ ಪ್ಯಾಕಿಂಗ್‌ನೊಂದಿಗೆ ಹೆಡ್ ಬಿಗಿದು, ಟ್ಯಾಪೆಟ್ ಹೊಂದಿಸಿ, ಕೈಯಿಂದಲೇ ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಬೇಡಿ. ಬಿಚ್ಚಿ ನೋಡಿದರೆ ವಾಲ್ವ್‌ಗಳ ಅಚ್ಚು ಜೇಡಿಯ ಮೇಲೆ ಬಿದ್ದಿರುತ್ತದೆ. ಅತಿ ತೆಳುವಾದ ಜಾಗ ಒಂದೂವರೆ ಮಿ.ಮೀ.ಗಿಂತ ಕಡಿಮೆಯಿದ್ದರೆ ಆ ಪಿಸ್ಟನ್ ಹಾಕಬೇಡಿ.

ಕಂಪ್ರೆಷನ್ ಏರಿದ ಮೇಲೆ ಟೈಮಿಂಗ್ ಮತ್ತೆ ನೋಡಬೇಕು. 0.8 ಮಿ.ಮೀ.ನಿಂದ ಶುರು ಮಾಡಿ, ಏರಿನಲ್ಲಿ ಬಡಿತ ಕೇಳಿಸಿದರೆ ಕೂದಲೆಳೆಯಷ್ಟು ಹಿಂದಕ್ಕೆ ತನ್ನಿ. ರನ್ನಿಂಗ್ ಇನ್ (ಹೊಸ ಭಾಗಗಳು ಹೊಂದಿಕೊಳ್ಳುವ ಮೊದಲ ಓಟ) ಮುಗಿಯುವವರೆಗೆ ಮೈಲೇಜ್ ಅಳೆಯಬೇಡಿ. ಹೊಸ ರಿಂಗ್‌ಗಳು ಬೋರ್‌ಗೆ ಕೂತಿರುವುದಿಲ್ಲ, ಬರುವ ಅಂಕೆಗೆ ಅರ್ಥವಿರುವುದಿಲ್ಲ. ಅದು ಮುಗಿದ ಮೇಲೆ ಆಯಿಲ್ ಬದಲಿಸಿ, ಹೆಡ್ ನಟ್‌ಗಳನ್ನು ಎಂಜಿನ್ ತಣ್ಣಗಿರುವಾಗ ಮತ್ತೊಮ್ಮೆ ಬಿಗಿದು, ಟ್ಯಾಪೆಟ್ ನೋಡಿ, ಟ್ಯಾಂಕನ್ನು ಹಳೆಯ ಗುರುತಿಗೆ ತುಂಬಿಸಿ.